ಮೆಲುಕಿನ ಲೆಕ್ಕ

2022ರ ಅಕ್ಟೋಬರ್ 10ರ ಬೆಳಿಗ್ಗೆ ಕೌಲಿ ಅಕ್ಕಚ್ಚನ್ನು ಅರ್ಧಕ್ಕೆ ಬಿಟ್ಟಿತು. ಹಿಂದಿನ ರಾತ್ರಿಯ ಗಂಜಿತಿಳಿ, ಅಕ್ಕಿ ತೊಳೆದ ನೀರು, ಎರಡು ಹಿಡಿ ತೌಡು, ಚೂರು ಉಪ್ಪು ಸೇರಿಸಿ ಉಗುರುಬೆಚ್ಚಗೆ ಮಾಡಿ ಕೊಡುವ ಆ ಬಾನಿಯ ತಳವನ್ನು ನೆಕ್ಕಿ, ಖಾಲಿ ಬಾನಿಯನ್ನು ಮೂತಿಯಿಂದ ದೂಡಿ ಸದ್ದು ಮಾಡಿದ ಮೇಲೆಯೇ ಅದು ತಲೆ ಎತ್ತುತ್ತಿದ್ದುದು. ಅಮ್ಮ ಉಳಿದ ಅಕ್ಕಚ್ಚನ್ನು ನೋಡಿದಳು. ಏನೂ ಮಾತನಾಡದೆ ಅಂಗೈಯನ್ನು ಕೌಲಿಯ ಕಿವಿಯ ಬುಡಕ್ಕೆ ಇಟ್ಟು ಸ್ವಲ್ಪ ಹೊತ್ತು ನಿಂತಳು. ಕಿವಿ ಕಾದಿತ್ತು. ನಾನು ಮುಂಗಾಲಿನ ಸಂದಿಯಿಂದ ಹೆಗಲಿನವರೆಗೆ ಕೈಯಾಡಿಸಿದಾಗ ಹೆಗಲಿನ ಮುಂಭಾಗದಲ್ಲಿ, ತೊಗಲಿನ ಅಡಿಯಲ್ಲಿ, ನಿಂಬೆಹಣ್ಣಿನಷ್ಟು ದೊಡ್ಡ ಗಂಟೊಂದು ಬೆರಳಿಗೆ ಸಿಕ್ಕಿತು.

ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಆಗ ಇದ್ದುದು ಮೂರೇ ಜಾನುವಾರು: ಕೌಲಿ, ಅದರ ಐದು ತಿಂಗಳ ಹೆಣ್ಣುಗರು, ಮತ್ತು ಬೆಳ್ಳಿ ಎಂಬ ಮುದಿ ಹಸು. ಅಜ್ಜಿಯ ಕಾಲದಲ್ಲಿ ಇಪ್ಪತ್ತಮೂರು ಕೊರಳುಗಳು ಕಟ್ಟಿಕೊಂಡಿದ್ದ ಕೊಟ್ಟಿಗೆ ಅದು. ನಾನು ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿದ್ದು, ಅಪ್ಪನ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಎರಡು ತಿಂಗಳ ಮಟ್ಟಿಗೆ ಊರಿಗೆ ಬಂದಿದ್ದೆ. ಹಾಗಾಗಿ ಅಪ್ಪನಿಗೆ ಕೊಟ್ಟಿಗೆಯ ಮೆಟ್ಟಿಲು ಇಳಿಯಲು ಆಗದಿದ್ದ ಆ ದಿನಗಳಲ್ಲಿ ಕೌಲಿಯ ಆರೈಕೆ ನನ್ನ ಪಾಲಿಗೆ ಬಂತು.

ಕೌಲಿ ಮಲೆನಾಡು ಗಿಡ್ಡ. ನನ್ನ ಸೊಂಟದಷ್ಟು ಎತ್ತರದ, ಕಂದು ಮತ್ತು ಬೂದಿ ಬೆರೆತ ಬಣ್ಣದ, ಗುಡ್ಡದ ಕಲ್ಲುದಾರಿಯನ್ನು ಮೇಕೆಯಂತೆ ಹತ್ತುವ ಹಸು. ಈ ದನಗಳನ್ನು ಒಂದು ತಳಿಯೆಂದು ಅಧಿಕೃತವಾಗಿ ಗುರುತಿಸಿದ್ದು 2012ರಲ್ಲಿ. ಅದಕ್ಕೂ ಮುಂಚೆ ಅವು ನಮ್ಮ ಬಾಯಲ್ಲಿ ಬರೀ ‘ಊರ ದನ’. ಹೊತ್ತಿಗೆ ಒಂದೂವರೆ ಲೀಟರು ಕೊಟ್ಟರೆ ಹೆಚ್ಚು. ಆದರೆ ಸೊಪ್ಪಿನ ಬೆಟ್ಟದಲ್ಲಿ ತಾನೇ ಮೇಯ್ದು, ಆರು ತಿಂಗಳ ಮಳೆಯನ್ನು ತಾಳಿಕೊಂಡು, ವೈದ್ಯರ ಮುಖ ನೋಡದೆ ಹತ್ತು ಕರು ಹಾಕುವ ದನಗಳು ಇವು. ಗಿಡ್ಡಕ್ಕೆ ರೋಗ ಹತ್ತಿರ ಸುಳಿಯುವುದಿಲ್ಲ ಎಂಬ ಮಾತನ್ನು ನಾವು ನಂಬಿಕೊಂಡೇ ಬೆಳೆದವರು. ಚರ್ಮಗಂಟು ರೋಗ ಹಾವೇರಿ ಜಿಲ್ಲೆಯ ಕಡೆ ದನಗಳನ್ನು ಕೆಡವುತ್ತಿರುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗಲೂ, ಅದು ಬಯಲುಸೀಮೆಯ ಮಿಶ್ರತಳಿಯ ಹಸುಗಳ ಪಾಡು ಎಂದು ನಮ್ಮ ಮನಸ್ಸು ಒಳಗೊಳಗೇ ಸಮಾಧಾನ ಮಾಡಿಕೊಂಡಿತ್ತು.

ಮಧ್ಯಾಹ್ನ ಬಂದ ಪಶುವೈದ್ಯರು ಗುದದ್ವಾರದಲ್ಲಿ ಉಷ್ಣಮಾಪಕ ಇಟ್ಟು ನೋಡಿದಾಗ ಜ್ವರ 105 ಡಿಗ್ರಿ ಇತ್ತು; ಹಸುವಿನ ಸಹಜ ಮೈಬಿಸಿ 101.5ರ ಆಸುಪಾಸು. ಕಣ್ಣಿನಿಂದ ನೀರು, ಮೂಗಿನಿಂದ ಸಿಂಬಳ ಇಳಿಯುತ್ತಿತ್ತು. ಮೈಮೇಲೆ ಗಂಟು ಇನ್ನೂ ಎದ್ದಿರಲಿಲ್ಲ. ‘ನಾಳೆ, ನಾಡಿದ್ದು ಏಳುತ್ತವೆ’ ಎಂದು ಅವರು ಹೇಳಿದ ರೀತಿಯಲ್ಲೇ ಅವರು ಅಷ್ಟು ದಿನಗಳಲ್ಲಿ ಎಷ್ಟು ಕೊಟ್ಟಿಗೆ ಹೊಕ್ಕು ಬಂದಿದ್ದರೆಂಬುದು ತಿಳಿಯುತ್ತಿತ್ತು. ಕುರಿ, ಮೇಕೆಗಳ ಸಿಡುಬಿನ ವಂಶಕ್ಕೇ ಸೇರಿದ ವೈರಾಣು ಇದು. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡದ್ದು, ನಮ್ಮ ದೇಶಕ್ಕೆ 2019ರಲ್ಲಿ ಒಡಿಶಾದ ಮೂಲಕ ಕಾಲಿಟ್ಟಿತು. ಕಚ್ಚುವ ನೊಣ, ಸೊಳ್ಳೆ, ಉಣುಗುಗಳು ಒಂದು ಮೈಯಿಂದ ಇನ್ನೊಂದು ಮೈಗೆ ದಾಟಿಸುತ್ತವೆ. ಮನುಷ್ಯರಿಗೆ ಅಂಟುವುದಿಲ್ಲ. ವೈರಾಣುವನ್ನೇ ಕೊಲ್ಲುವ ಮದ್ದಿಲ್ಲ. ಜ್ವರಕ್ಕೆ, ಊತಕ್ಕೆ, ಗಾಯ ಕೀವಾಗದಂತೆ ತಡೆಯುವುದಕ್ಕೆ ಚುಚ್ಚುಮದ್ದು ಕೊಡಬಹುದು, ಉಳಿದದ್ದೆಲ್ಲ ಆರೈಕೆ. ಮೇಕೆ ಸಿಡುಬಿನ ಲಸಿಕೆ ನಮ್ಮ ಊರಿಗೆ ಬರುವ ದಿನ ಇನ್ನೂ ಮುಂದಿತ್ತು. ರೋಗ ಹಿಡಿದ ಮೇಲೆ ಲಸಿಕೆ ಹಾಕುವಂತಿಲ್ಲ. ಬೆಳ್ಳಿಗೂ ಕರುವಿಗೂ ಆ ವಾರವೇ ಹಾಕಿಸಿದೆವು, ಆದರೆ ಅದು ಮೈಯಲ್ಲಿ ಕೆಲಸ ಶುರು ಮಾಡಲು ಎರಡು ಮೂರು ವಾರ ಬೇಕು. ಅಷ್ಟರವರೆಗೆ ಅವುಗಳನ್ನು ಕೌಲಿಯಿಂದ ದೂರ ಇಡಬೇಕು.

ಅಡಿಕೆ ಬೇಯಿಸುವ ಒಲೆಯ ಮನೆ ಆಗ ಖಾಲಿಯಿತ್ತು. ಅಡಿಕೆ ಕೊನೆಗಳ ಕೊಯ್ಲು ಶುರುವಾಗಲು ಇನ್ನೂ ತಿಂಗಳಿತ್ತು. ಹಂಡೆಯನ್ನು ಮೂಲೆಗೆ ಸರಿಸಿ, ನೆಲಕ್ಕೆ ಒಣ ಎಲೆಯ ದರಕು ಹಾಸಿ, ಕಿಟಕಿಗೂ ಬಾಗಿಲಿಗೂ ಹಳೆಯ ಸೊಳ್ಳೆಪರದೆ ಕಟ್ಟಿ, ಸಂಜೆಯ ಹೊತ್ತಿಗೆ ಕೌಲಿಯನ್ನು ಅಲ್ಲಿಗೆ ನಡೆಸಿಕೊಂಡು ಹೋದೆ. ಮುಸ್ಸಂಜೆಗೆ ಮಡಕೆಯ ಕೆಂಡದ ಮೇಲೆ ಲಕ್ಕಿಸೊಪ್ಪು, ಬೇವಿನ ಎಲೆ ಹಾಕಿ ಹೊಗೆ ಎಬ್ಬಿಸಿದೆವು. ಕರುವಿನ ಕಣ್ಣಿಯನ್ನು ಕೊಟ್ಟಿಗೆಯ ತೀರ ಆಚೆಯ ಕಂಬಕ್ಕೆ ಬಿಗಿದೆ. ಆ ಗಂಟನ್ನು ನಾನು ಎರಡೆರಡು ಸಲ ಎಳೆದು ನೋಡಿದೆ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ದನವನ್ನು ಓದಲು ನನಗೆ ಕಲಿಸಿದವಳು ಅಜ್ಜಿ. ಓದು ಎಂಬ ಮಾತನ್ನು ಅವಳೇ ಬಳಸುತ್ತಿದ್ದಳು. ಅಕ್ಷರ ಕಲಿಯದ ಅವಳಿಗೆ ಓದಲು ಬರುತ್ತಿದ್ದುದು ದನವೊಂದೇ. ಶಾಲೆಯಿಂದ ಬಂದು ಅವಲಕ್ಕಿ ತಿಂದ ಮೇಲೆ ಗೋದಲಿಯ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂರುವುದು ನನ್ನ ದಿನಚರಿಯಾಗಿತ್ತು. ಮೂತಿಯ ತುದಿಯಲ್ಲಿ ಬೆವರಿನ ಹನಿ ಇರಬೇಕು, ಒಣಗಿದ್ದರೆ ಜ್ವರ. ಕಿವಿ ಎರಡೂ ಬೇರೆ ಬೇರೆ ದಿಕ್ಕಿಗೆ ಆಡುತ್ತಿರಬೇಕು, ಜೋತುಬಿದ್ದರೆ ನೋವು. ನಿಂತಾಗ ಬೆನ್ನು ಕಮಾನಾದರೆ ಹೊಟ್ಟೆಯಲ್ಲಿ ತೊಂದರೆ. ಎಲ್ಲಕ್ಕಿಂತ ಮೇಲಾಗಿ ಮೆಲುಕು. ದನ ಮಲಗಿದ ಮೇಲೆ ಗಂಟಲಿನಲ್ಲಿ ತುತ್ತೊಂದು ಮೇಲೇರುವುದು ಕಾಣಿಸುತ್ತದೆ. ಆಗಿನಿಂದ ದವಡೆಯ ಆಟವನ್ನು ಎಣಿಸಬೇಕು, ತುತ್ತು ಮತ್ತೆ ಕೆಳಗಿಳಿಯುವವರೆಗೆ. ಐವತ್ತರ ಆಚೆ ಈಚೆ ಬಂದರೆ ದನ ಸುಖವಾಗಿದೆ. ಮೂವತ್ತಕ್ಕೆ ಇಳಿದರೆ ಏನೋ ಕೆಟ್ಟಿದೆ. ಮೆಲುಕೇ ಇಲ್ಲದಿದ್ದರೆ ಆ ರಾತ್ರಿ ಮಲಗುವಂತಿಲ್ಲ. ನಾನು ನೂರರವರೆಗೆ ತಪ್ಪಿಲ್ಲದೆ ಎಣಿಸಲು ಕಲಿತದ್ದು ಶಾಲೆಯಲ್ಲಲ್ಲ, ಗೌರಿ ಎಂಬ ಹಸುವಿನ ದವಡೆಯನ್ನು ನೋಡುತ್ತ.

ಒಲೆಯ ಮನೆಯಲ್ಲಿ ಆ ಮೊದಲ ರಾತ್ರಿ ಕೌಲಿ ಮೆಲುಕು ಹಾಕಲಿಲ್ಲ.

ಎರಡನೆಯ ದಿನ ಗಂಟುಗಳು ಎದ್ದವು. ಮೊದಲು ಕುತ್ತಿಗೆಯಲ್ಲಿ, ಆಮೇಲೆ ಹಿಣಿಲಿನ ಸುತ್ತ, ಹೊಟ್ಟೆಯ ಪಕ್ಕ, ತೊಡೆಯ ಒಳಗೆ, ಕೆಚ್ಚಲ ಮೇಲೆ. ಕೆಲವು ಕಡಲೆಕಾಳಿನಷ್ಟು, ಕೆಲವು ಅಡಿಕೆಯಷ್ಟು. ಮುಟ್ಟಿದರೆ ಗಟ್ಟಿ, ಅದರ ಮೇಲಿನ ರೋಮ ನೆಟ್ಟಗೆ ನಿಂತಿರುತ್ತಿತ್ತು. ಮೂರನೆಯ ದಿನ ಎಣಿಸಲು ಹೊರಟು ನೂರ ನಲವತ್ತರಲ್ಲಿ ಬಿಟ್ಟುಬಿಟ್ಟೆ. ಗಂಗೆದೊಗಲಿನಲ್ಲಿ ನೀರು ತುಂಬಿ ಜೋತಾಡಿತು, ಮುಂಗಾಲುಗಳು ಮೊಣಕಾಲಿನಿಂದ ಗೊರಸಿನವರೆಗೆ ಊದಿಕೊಂಡವು. ಮಲಗಿದರೆ ಏಳಲಾಗದೆಂಬ ಅಂಜಿಕೆಯೋ ಏನೋ, ಅದು ಮಲಗಲೇ ಇಲ್ಲ. ಎರಡು ಹಗಲು, ಎರಡು ರಾತ್ರಿ ನಿಂತೇ ಇತ್ತು. ನಾನು ಊದಿದ ಕಾಲಿಗೆ ಉಪ್ಪು ಹಾಕಿದ ಬಿಸಿನೀರಿನ ಶಾಖ ಕೊಡುತ್ತಿದ್ದರೆ ಅದು ತಲೆಯ ಭಾರವನ್ನೆಲ್ಲ ನನ್ನ ಬೆನ್ನ ಮೇಲೆ ಬಿಟ್ಟು ನಿಲ್ಲುತ್ತಿತ್ತು. ಅಷ್ಟು ಬಿಸಿ ಉಸಿರನ್ನು ನಾನು ಹಿಂದೆಂದೂ ಕುತ್ತಿಗೆಯ ಮೇಲೆ ತಾಳಿಕೊಂಡಿರಲಿಲ್ಲ.

ವೈದ್ಯರು ಚುಚ್ಚುಮದ್ದಿನ ಜೊತೆಗೆ ಮನೆಮದ್ದನ್ನೂ ಒಪ್ಪಿದರು. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಆಗ ಹಳ್ಳಿಹಳ್ಳಿಗೆ ತಿಳಿಸುತ್ತಿದ್ದ ಕ್ರಮ ಅದು: ಹತ್ತು ವೀಳ್ಯದೆಲೆ, ಹತ್ತು ಗ್ರಾಂ ಕಾಳುಮೆಣಸು, ಹತ್ತು ಗ್ರಾಂ ಉಪ್ಪು, ಬೇಕಾದಷ್ಟು ಬೆಲ್ಲ; ಎಲ್ಲವನ್ನೂ ನುಣ್ಣಗೆ ಅರೆದು ಮೊದಲ ದಿನ ಮೂರು ಮೂರು ಗಂಟೆಗೆ ಒಂದು ಸಲ, ಮರುದಿನದಿಂದ ಎರಡು ವಾರ ದಿನಕ್ಕೆ ಮೂರು ಸಲ ನಾಲಿಗೆಗೆ ಸವರಿ ತಿನ್ನಿಸಬೇಕು. ಎಲೆಬಳ್ಳಿಯೂ ಮೆಣಸಿನ ಬಳ್ಳಿಯೂ ನಮ್ಮ ತೋಟದ ಅಡಿಕೆ ಮರಗಳನ್ನೇ ಅಪ್ಪಿಕೊಂಡಿದ್ದವು. ಅಪ್ಪ ಹೊರಜಗಲಿಯಲ್ಲಿ ಕಾಲು ಚಾಚಿ ಕುಳಿತು ಎಲೆಯ ತೊಟ್ಟು ಮುರಿದು ಕೊಡುತ್ತಿದ್ದರು, ಅಮ್ಮ ಒರಳಿನಲ್ಲಿ ಅರೆಯುತ್ತಿದ್ದಳು. ಮಿಕ್ಸರ್ ಇದ್ದರೂ ಅವಳು ಒರಳನ್ನೇ ಹಿಡಿದಳು, ಮಿಕ್ಸರ್‌ನಲ್ಲಿ ಎಲೆಯ ನಾರು ಉಳಿಯುತ್ತದೆ ಎಂದು. ತಿನ್ನಿಸುವುದು ನನ್ನ ಕೆಲಸ. ಎಡಗೈಯನ್ನು ಬಾಯಿಯ ಮೂಲೆಯಲ್ಲಿ, ಹಲ್ಲಿಲ್ಲದ ಜಾಗದಲ್ಲಿ ತೂರಿಸಿದರೆ ಬಾಯಿ ತಾನಾಗಿ ತೆರೆಯುತ್ತದೆ. ಬಲಗೈಯಿಂದ ಉಂಡೆಯನ್ನು ನಾಲಿಗೆಯ ಬುಡಕ್ಕೆ ಇಡಬೇಕು. ತಲೆಯನ್ನು ಮೇಲಕ್ಕೆ ಎತ್ತಿ ಹಿಡಿಯಬಾರದು, ಮದ್ದು ಶ್ವಾಸನಾಳಕ್ಕೆ ಹೋಗುತ್ತದೆ. ನಲವತ್ತು ವರ್ಷದ ಹಿಂದೆ ಅಜ್ಜಿ ಮಾಡುವುದನ್ನು ಕಟ್ಟೆಯ ಮೇಲಿಂದ ನೋಡಿದ್ದೆನೇ ಹೊರತು ನಾನು ಎಂದೂ ಮಾಡಿದವಳಲ್ಲ. ಆದರೂ ಮೊದಲ ಸಲವೇ ಕೈ ಸರಿಯಾದ ಜಾಗಕ್ಕೆ ಹೋಯಿತು.

ಮೈಗೆ ಹಚ್ಚುವ ಎಣ್ಣೆ ಬೇರೆ. ಅರ್ಧ ಲೀಟರು ಕೊಬ್ಬರಿ ಎಣ್ಣೆಯಲ್ಲಿ ಕುಪ್ಪಿಗಿಡದ ಸೊಪ್ಪು, ಬೇವು, ತುಳಸಿ, ಮದರಂಗಿ ಸೊಪ್ಪು, ಬೆಳ್ಳುಳ್ಳಿ, ಅರಿಸಿನ ಹಾಕಿ ಕುದಿಸಿ, ತಣಿಸಿ, ಗಾಯವನ್ನು ತೊಳೆದು ಒರೆಸಿದ ಮೇಲೆ ಹಚ್ಚುವುದು. ಆ ವಾಸನೆ ನನ್ನ ಬಟ್ಟೆಗೂ ಕೂದಲಿಗೂ ಹಿಡಿದು, ಬೆಳ್ಳಿಯ ಹತ್ತಿರ ಹೋಗುವ ಮುಂಚೆ ಸ್ನಾನ ಮಾಡಿ ಬಟ್ಟೆ ಬದಲಿಸಿದರೂ ಅದು ಮೂಸಿ ಹಿಂದೆ ಸರಿಯುತ್ತಿತ್ತು.

ಈ ನಡುವೆ ಒಂದು ಸಂಜೆ ಅಪ್ಪ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. ರೋಗದಿಂದ ಸತ್ತರೆ ಸರ್ಕಾರ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಕೊಡುತ್ತದೆ ಎಂದಿತ್ತು. ಎತ್ತು ಸತ್ತು ಉಳುಮೆಯೇ ನಿಂತುಹೋದ ಮನೆಗೆ ಆ ಹಣ ದೊಡ್ಡ ಆಸರೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಮ್ಮ ಎದ್ದು ಒಳಗೆ ಹೋದಳು. ಅಪ್ಪ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು, ಆಮೇಲೆ ಆ ಮಾತು ಮನೆಯಲ್ಲಿ ಬರಲಿಲ್ಲ.

ಹಗಲಿಗಿಂತ ಕಷ್ಟವಾದದ್ದು ರಾತ್ರಿ. ಕೊಟ್ಟಿಗೆಯಿಂದ ಕರು ಕೂಗುತ್ತಿತ್ತು, ಒಲೆಯ ಮನೆಯಿಂದ ಕೌಲಿ ಕ್ಷೀಣವಾಗಿ ಓಗೊಡುತ್ತಿತ್ತು. ಎರಡರ ನಡುವೆ ಅಂಗಳವೊಂದೇ ಅಡ್ಡ. ಕೆಚ್ಚಲ ಮೇಲೂ ಗಂಟುಗಳಿದ್ದುದರಿಂದ ಕರುವಿಗೆ ಮೊಲೆ ಬಿಡುವಂತಿರಲಿಲ್ಲ. ಕೌಲಿಗೆ ಹಾಲೇ ಬತ್ತಿಹೋಗಿ, ಕರೆದರೆ ಚಿಪ್ಪಿನಷ್ಟು ಬರುತ್ತಿತ್ತು. ಕಾಯಿಸಿದ ಹಾಲಿನಿಂದ ಮನುಷ್ಯರಿಗೆ ಅಪಾಯವಿಲ್ಲವೆಂದು ವೈದ್ಯರು ಹೇಳಿದ್ದರೂ ನಾವು ಅದನ್ನು ಒಳಗೆ ತರಲಿಲ್ಲ. ಕರುವಿಗೆ ಬೆಳ್ಳಿಯ ಹಾಲನ್ನು ಗಂಜಿಗೆ ಬೆರೆಸಿ ಬೆರಳು ಚೀಪಿಸುತ್ತ ಕುಡಿಸುತ್ತಿದ್ದೆ. ಕುಡಿದು ಅರ್ಧ ಗಂಟೆಗೆ ಮತ್ತೆ ಕೂಗು. ಹಸಿವಿನ ಕೂಗಲ್ಲ ಅದು.

ಆ ಕೂಗನ್ನು ನಾನು ಒಮ್ಮೆ ಕೇಳಿ ಸೋತಿದ್ದೆ. 1984ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕೊಟ್ಟಿಗೆಗೆ ಕಾಲುಬಾಯಿ ಜ್ವರ ಬಂದಿತ್ತು. ದನಗಳ ನಾಲಿಗೆ, ವಸಡುಗಳಲ್ಲಿ ಹುಣ್ಣಾಗಿ ನೊರೆ ಸುರಿಯುತ್ತಿತ್ತು, ಗೊರಸಿನ ಸಂದಿ ಒಡೆದು ನಡೆಯಲಾಗದೆ ಕುಂಟುತ್ತಿದ್ದವು. ಅಜ್ಜಿ ಪಟಿಕದ ನೀರಿನಿಂದ ಬಾಯಿ ತೊಳೆದು, ರಾಗಿಹಿಟ್ಟಿಗೆ ಜೇನು ಕಲಸಿ ನಾಲಿಗೆಗೆ ಸವರುತ್ತಿದ್ದಳು. ಕರುಗಳನ್ನೆಲ್ಲ ಬೇರೆ ಮಾಡಿ ಹುಲ್ಲಿನ ಮನೆಯಲ್ಲಿ ಕಟ್ಟಿಸಿದ್ದಳು. ದೊಡ್ಡ ದನ ಕುಂಟಿಕೊಂಡಾದರೂ ಉಳಿಯುತ್ತದೆ, ಕರು ಉಳಿಯುವುದಿಲ್ಲ ಎನ್ನುವುದು ಅವಳಿಗೆ ಅನುಭವದಿಂದ ಗೊತ್ತಿತ್ತು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಒಂದೇ ತಿಂಗಳಲ್ಲಿ ಕೊಟ್ಟಿಗೆ ಬರಿದಾದದ್ದನ್ನು ಕಂಡವಳು. ಆ ದೊಡ್ಡರೋಗ ಭೂಮಿಯ ಮೇಲಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾದಾಗ ಈ ಸುದ್ದಿಯನ್ನು ಹೇಳಲು ಅಜ್ಜಿ ಇರಲಿಲ್ಲ.

ನನಗೆ ಆಗ ಒಂಬತ್ತು ವರ್ಷ. ಗೌರಿಯ ಕರು ಹುಟ್ಟಿ ಇಪ್ಪತ್ತು ದಿನವಾಗಿತ್ತು, ಹಣೆಯಲ್ಲಿ ಬಿಳಿ ಚುಕ್ಕೆಯ ಗಂಡುಗರು. ಹುಲ್ಲಿನ ಮನೆಯಲ್ಲಿ ಅದು ರಾತ್ರಿಯಿಡೀ ಕೂಗಿತು. ಮಾರನೆಯ ನಸುಕಿನಲ್ಲಿ ಎಲ್ಲರೂ ಏಳುವ ಮುಂಚೆ ನಾನು ಎದ್ದು, ಅದರ ಕಣ್ಣಿ ಬಿಚ್ಚಿ, ಗೌರಿಯ ಹತ್ತಿರ ಬಿಟ್ಟೆ. ಅದು ಬಾಲ ಎತ್ತಿ, ಕೆಚ್ಚಲನ್ನು ಗುದ್ದಿ ಗುದ್ದಿ ಕುಡಿಯಿತು. ಗೌರಿ ಹುಣ್ಣಾದ ನಾಲಿಗೆಯಿಂದಲೇ ಅದರ ಬೆನ್ನು ನೆಕ್ಕಿತು. ಹೊಟ್ಟೆ ತುಂಬಿದ ಮೇಲೆ ತಂದು ಮೊದಲಿನಂತೆ ಕಟ್ಟಿದೆ, ಯಾರಿಗೂ ಹೇಳಲಿಲ್ಲ. ಐದನೆಯ ದಿನ ಕರು ನಿಂತಲ್ಲೇ ಒಮ್ಮೆ ನಡುಗಿ ಬಿದ್ದುಬಿಟ್ಟಿತು. ಬಾಯಲ್ಲಿ ಹುಣ್ಣಿರಲಿಲ್ಲ, ಕುಂಟಿರಲಿಲ್ಲ. ಅಜ್ಜಿ ಅದರ ಎದೆಯ ಮೇಲೆ ಕೈಯಿಟ್ಟು, ‘ಗುಂಡಿಗೆಗೇ ಹೊಡೆದಿದೆ’ ಎಂದಳು. ಕಾಲುಬಾಯಿ ಜ್ವರದ ವೈರಾಣು ಎಳೆಗರುಗಳ ಹೃದಯದ ಸ್ನಾಯುವನ್ನೇ ಹಿಡಿದು ಹೀಗೆ ಹಠಾತ್ತನೆ ಕೊಲ್ಲುತ್ತದೆ ಎಂಬುದನ್ನು ನಾನು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಅಜ್ಜಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಅವಳಿಗೆ ಗೊತ್ತಿತ್ತೆಂದೇ ನನಗೆ ಅನಿಸುತ್ತದೆ, ಏಕೆಂದರೆ ಆಮೇಲೆ ಒಂದು ತಿಂಗಳು ಅವಳು ನನ್ನನ್ನು ಗೋದಲಿಯ ಕಟ್ಟೆಯಿಂದ ಒಂದು ಸಂಜೆಯೂ ಏಳಗೊಡಲಿಲ್ಲ. ಬೈಯಲಿಲ್ಲ. ಎಣಿಸು ಎನ್ನುತ್ತಿದ್ದಳು, ಅಷ್ಟೆ.

ಒಲೆಯ ಮನೆಯ ಬಾಗಿಲಲ್ಲಿ ಕುಳಿತು ಕೌಲಿಯ ಕರುವಿನ ಕೂಗು ಕೇಳುತ್ತಿದ್ದ ಆ ರಾತ್ರಿಗಳಲ್ಲಿ ನಾನು ಎದ್ದು ಹೋಗಲಿಲ್ಲ. ಅಮ್ಮ ಒಂದು ಸಲ ಹೊರಗೆ ಬಂದು, ‘ಒಂದು ಗಳಿಗೆ ಮುಖ ತೋರಿಸಿ ಕರೆದುಕೊಂಡು ಬರೋಣವೇ’ ಎಂದು ಕೇಳಿದಳು. ಬೇಡ ಎಂದೆ. ಯಾಕೆ ಅಷ್ಟು ಗಟ್ಟಿಯಾಗಿ ಬೇಡ ಎಂದೆನೆಂದು ಅವಳು ಕೇಳಲಿಲ್ಲ, ಆದರೆ ನಾನು ಅಂದು ಮೂವತ್ತೆಂಟು ವರ್ಷದ ಹಿಂದಿನದನ್ನು ಅವಳಿಗೆ ಹೇಳಿದೆ. ಅವಳು ಪಕ್ಕದಲ್ಲಿ ಕುಳಿತು ಕೇಳಿದಳು. ಆಮೇಲೆ ಕೊಟ್ಟಿಗೆಗೆ ಹೋಗಿ, ಕರುವಿನ ಕುತ್ತಿಗೆ ತುರಿಸುತ್ತ ಬೆಳಗಿನವರೆಗೆ ಅಲ್ಲೇ ಇದ್ದಳು.

ಆರನೆಯ ದಿನ ಜ್ವರ 103ಕ್ಕೆ ಇಳಿಯಿತು. ಕೌಲಿ ಮೊಣಕಾಲೂರಿ, ತುಂಬ ಹೊತ್ತು ಹಾಗೆಯೇ ಯೋಚಿಸಿ, ಕೊನೆಗೆ ಮಲಗಿತು. ನಾವು ಗೋಣಿಯಲ್ಲಿ ಹುಲ್ಲು ತುಂಬಿ ಪಕ್ಕೆಗೆ ಆನಿಸಿದೆವು. ಆ ಸಂಜೆ ಗಂಟಲಿನಲ್ಲಿ ಒಂದು ತುತ್ತು ಮೇಲೇರಿದ್ದನ್ನು ಕಂಡೆ. ಎಣಿಸಿದೆ. ಹದಿನೆಂಟಕ್ಕೆ ನಿಂತಿತು. ಅಪ್ಪನ ತೋಟದ ಲೆಕ್ಕದ ಪುಸ್ತಕದಲ್ಲಿ ಬೆಳಗಿನ ಜ್ವರ, ಸಂಜೆಯ ಜ್ವರ, ಕುಡಿದ ನೀರು ಎಂದು ಗೆರೆ ಹಾಕಿಕೊಂಡಿದ್ದ ಪುಟದಲ್ಲಿ ಅಂದಿನಿಂದ ಇನ್ನೊಂದು ಸಾಲು ಸೇರಿತು. ವೈದ್ಯರು ಆ ಪುಟ ನೋಡಿ, ಮೆಲುಕಿನ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಯಾರು ಹೇಳಿಕೊಟ್ಟರೆಂದು ಕೇಳಿದರು.

ಎರಡನೆಯ ವಾರದಲ್ಲಿ ಗಂಟುಗಳ ಸುತ್ತ ತೊಗಲು ಬಿರಿಯಿತು. ನಡುವಿನ ಸತ್ತ ಮಾಂಸ ಬಿಲ್ಲೆಯಂತೆ ಕಳಚಿ, ಅದರ ಕೆಳಗೆ ಬೆರಳು ಹೋಗುವಷ್ಟು ಕುಳಿ ಉಳಿಯುತ್ತದೆ. ನೊಣಕ್ಕೆ ಬೇಕಾಗಿರುವುದು ಅದೇ. ಎಷ್ಟು ಕಾವಲಿದ್ದರೂ ಹಿಂದೊಡೆಯ ಒಂದು ಕುಳಿಯಲ್ಲಿ ಹುಳವಾದವು. ಸೀತಾಫಲದ ಎಲೆಯನ್ನು ಅರೆದು ತುಂಬಿದೆವು, ಕರ್ಪೂರ ಕರಗಿಸಿದ ಕೊಬ್ಬರಿ ಎಣ್ಣೆ ಬಿಟ್ಟೆವು, ಹೊರಬಂದ ಹುಳಗಳನ್ನು ನಾನು ಚಿಮಟದಿಂದ ಒಂದೊಂದಾಗಿ ತೆಗೆದೆ. ಆ ಕೆಲಸದಲ್ಲಿ ಅಸಹ್ಯವೆನ್ನಿಸಲಿಲ್ಲ. ಕೌಲಿ ಒದೆಯಬಹುದಿತ್ತು, ಒದೆಯಲಿಲ್ಲ. ಕಾಲನ್ನು ಎತ್ತಿ, ಮತ್ತೆ ಅದೇ ಜಾಗದಲ್ಲಿ ಊರುತ್ತಿತ್ತು.

ಅಕ್ಟೋಬರ್ 25ರ ಸಂಜೆ ಸೂರ್ಯಗ್ರಹಣ, ಮರುದಿನ ಬಲಿಪಾಡ್ಯಮಿಯ ಗೋಪೂಜೆ. ನಮ್ಮ ಕಡೆ ದೀಪಾವಳಿ ಎಂದರೆ ದನಗಳ ಹಬ್ಬವೇ. ಅಡಿಕೆ, ವೀಳ್ಯದೆಲೆ, ಚೆಂಡುಹೂವು ಪೋಣಿಸಿದ ಸರವನ್ನು ಕೊರಳಿಗೆ ಕಟ್ಟಿ, ಮೈಗೆ ಕೆಮ್ಮಣ್ಣಿನ ಬಣ್ಣದ ಗುರುತು ಹಾಕಿ, ಆರತಿ ಎತ್ತಿ, ಕಣ್ಣಿ ಬಿಚ್ಚಿ ಬೆಟ್ಟಕ್ಕೆ ಬಿಡುತ್ತೇವೆ. ಬಾಲ್ಯದಲ್ಲಿ ಇಪ್ಪತ್ತಮೂರು ಸರಗಳನ್ನು ಪೋಣಿಸಲು ಹಿಂದಿನ ರಾತ್ರಿ ಮಕ್ಕಳೆಲ್ಲ ಸೂಜಿ ಹಿಡಿದು ಕೂರುತ್ತಿದ್ದೆವು. ಈ ಸಲ ಮೂರೇ ಸರ. ಕೌಲಿಯ ಕೊರಳು ಪೂರ್ತಿ ಗಾಯವಾದ್ದರಿಂದ ಅದಕ್ಕೆ ಸರ ಕಟ್ಟುವಂತಿರಲಿಲ್ಲ. ಅಮ್ಮ ಅದನ್ನು ಒಲೆಯ ಮನೆಯ ಬಾಗಿಲಿಗೆ ಕಟ್ಟಿ, ಹೊಸ್ತಿಲ ಈಚೆಯಿಂದಲೇ ಆರತಿ ಬೆಳಗಿದಳು. ಕಡುಬಿನ ಒಂದು ತುಂಡನ್ನು ಅಂಗೈಯಲ್ಲಿಟ್ಟು ಚಾಚಿದಾಗ ಕೌಲಿ ಅದನ್ನು ಮೂಸಿ, ತಿಂದು, ಅಂಗೈಯನ್ನೂ ನೆಕ್ಕಿತು. ಹದಿನೇಳು ದಿನಗಳಲ್ಲಿ ತಾನಾಗಿ ಕೇಳಿ ತಿಂದ ಮೊದಲ ತಿನಿಸು.

ಅಲ್ಲಿಂದ ಮುಂದಿನ ದಿನಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ತೊಳೆಯುವುದು, ಹಚ್ಚುವುದು, ಹೊಗೆ ಹಾಕುವುದು. ಕುಳಿಗಳು ಒಳಗಿನಿಂದ ತುಂಬಿಕೊಂಡವು. ಕಾಲಿನ ಊತ ಇಳಿಯಿತು. ಬೆಳ್ಳಿಗೂ ಕರುವಿಗೂ ರೋಗ ಬರಲಿಲ್ಲ. ಲಸಿಕೆಯೋ, ಪರದೆಯೋ, ಅಂಗಳದ ಅಂತರವೋ, ಎಲ್ಲವೂ ಸೇರಿಯೋ. ಊರಿನಲ್ಲಿ ಬೇರೆ ಎರಡು ಮನೆಗಳ ಹಸುಗಳು ಉಳಿಯಲಿಲ್ಲ. ಅದರಲ್ಲಿ ಒಂದು ಕೌಲಿಗಿಂತ ಚಿಕ್ಕ ವಯಸ್ಸಿನದು, ಅವರೂ ನಮ್ಮಷ್ಟೇ ರಾತ್ರಿ ಎದ್ದು ಕುಳಿತವರು.

ನವೆಂಬರ್ 16ಕ್ಕೆ ಮೂವತ್ತೆಂಟನೆಯ ದಿನ. ಕೊನೆ ಕೊಯ್ಯುವವರು ಮರುದಿನ ಬರುವವರಿದ್ದುದರಿಂದ ಒಲೆಯ ಮನೆ ಬಿಡಿಸಬೇಕಿತ್ತು. ಬೆಳಿಗ್ಗೆ ಕಣ್ಣಿ ಬಿಚ್ಚಿ ಹೊರಗೆ ತಂದಾಗ ಕೌಲಿ ಬೆಳಕಿಗೆ ಕಣ್ಣು ಕಿರಿದು ಮಾಡಿ ಅಂಗಳದ ನಡುವೆ ನಿಂತಿತು. ಮೈಯೆಲ್ಲ ದುಂಡನೆಯ ಕಲೆಗಳು, ರೋಮವಿಲ್ಲದ ಬೂದುಬಣ್ಣದ ಜಾಗಗಳು, ಪಕ್ಕೆಲುಬು ಎದ್ದು ಕಾಣುವಷ್ಟು ಸೊರಗು. ಕರು ಕೊಟ್ಟಿಗೆಯ ಬಾಗಿಲಿಗೆ ಬಂದು ನೋಡಿತು, ಹತ್ತಿರ ಹೋಗಿ ಮೂಸಿತು, ಆದರೆ ಕೆಚ್ಚಲಿಗೆ ಬಾಯಿ ಹಾಕಲಿಲ್ಲ. ಮೊಲೆ ಕುಡಿಯುವುದನ್ನು ಅದು ಮರೆತಿತ್ತು. ಕೌಲಿ ಅದರ ಕಿವಿಯ ಹಿಂದೆ ನೆಕ್ಕತೊಡಗಿತು. ಕರು ತಲೆ ತಗ್ಗಿಸಿ ನಿಂತುಕೊಂಡಿತು.

ಅಂದು ಸಂಜೆ ಅಮ್ಮ ಅಕ್ಕಚ್ಚಿನ ಬಾನಿ ಇಟ್ಟು ಹೋದಳು. ನಾನು ಗೋದಲಿಯ ಕಟ್ಟೆಯ ಮೇಲೆ, ಅಜ್ಜಿ ಕೂರುತ್ತಿದ್ದ ಮೂಲೆಯಲ್ಲಿ ಕುಳಿತಿದ್ದೆ. ಕೌಲಿ ಕುಡಿದು, ಮಲಗಿ, ಸ್ವಲ್ಪ ಹೊತ್ತಿನ ಮೇಲೆ ತುತ್ತೊಂದನ್ನು ಮೇಲೆ ತಂದಿತು. ನಲವತ್ತಾರು ಎಣಿಸಿದೆ. ಮುಂದಿನ ತುತ್ತಿಗೆ ನಲವತ್ತೊಂಬತ್ತು. ಮೂರನೆಯದನ್ನು ಎಣಿಸುತ್ತಿದ್ದಾಗ ಅಪ್ಪ ಕೋಲೂರಿಕೊಂಡು, ತಿಂಗಳುಗಳ ಮೇಲೆ ಮೊದಲ ಸಲ, ಕೊಟ್ಟಿಗೆಯ ಮೆಟ್ಟಿಲಿಳಿದು ಬಂದರು. ಮಾತನಾಡಬೇಡಿರೆಂದು ಕೈಸನ್ನೆ ಮಾಡಿ ಪಕ್ಕದಲ್ಲಿ ಜಾಗ ಬಿಟ್ಟೆ.